ಬಿಸಿಲ ನಾಡಿನ ಕಾಡ್ಗಿಚ್ಚು: ಎಷ್ಟು ವರ್ಷಕ್ಕೊಮ್ಮೆ, ಏಕೆ?

ಬಿಸಿಲು ಹೆಚ್ಚಿರುವ ಒಣ ಪ್ರದೇಶಗಳಲ್ಲಿ ಕಾಡ್ಗಿಚ್ಚು ಪದೇ ಪದೇ ಕಾಣಿಸಿಕೊಳ್ಳುತ್ತದೆ ಎಂಬ ಮಾತನ್ನು ಭೂಗೋಳ ಓದುವ ನಾವೆಲ್ಲರೂ ಕೇಳಿದ್ದೇವೆ. ಮಾತು ಪೂರ್ತಿ ತಪ್ಪಲ್ಲ. ಆದರೆ ಅದನ್ನು ಅಕ್ಷರಶಃ ನಂಬಿದರೆ ಸಹಾರಾ ಮರುಭೂಮಿ ವರ್ಷವಿಡೀ ಹೊತ್ತಿ ಉರಿಯಬೇಕಾಗಿತ್ತು. ಅಲ್ಲಿ ಬಿಸಿಲಿಗೂ ಒಣಗಾಳಿಗೂ ಕೊರತೆಯಿಲ್ಲ, ಉರಿಯಲು ಮಾತ್ರ ಏನೂ ಇಲ್ಲ. ಜಗತ್ತಿನಲ್ಲಿ ಪ್ರತಿವರ್ಷ ಸುಡುವ ನೆಲದ ಅರ್ಧಕ್ಕಿಂತ ಹೆಚ್ಚು ಪಾಲು ಇರುವುದು ಆಫ್ರಿಕಾ ಖಂಡದಲ್ಲಿಯೇ, ಅದರಲ್ಲಿಯೂ ಸವನ್ನಾ ಹುಲ್ಲುಗಾವಲುಗಳಲ್ಲಿ; ಅಲ್ಲಿ ಕೆಲವು ತಿಂಗಳು ಮಳೆ ಸುರಿದು ಆಳೆತ್ತರಕ್ಕೆ ಬೆಳೆಯುವ ಹುಲ್ಲು ಮುಂದಿನ ತಿಂಗಳುಗಳಲ್ಲಿ ನಿಂತಲ್ಲೇ ಒಣಗುತ್ತದೆ. ಆದ್ದರಿಂದ ಕಾಡ್ಗಿಚ್ಚಿನ ಲೆಕ್ಕವನ್ನು ಮಳೆಯಿಂದ ಆರಂಭಿಸಿ ಬಿಸಿಲಿಗೆ ಬರಬೇಕೆಂಬುದು ನನ್ನ ಅಭಿಪ್ರಾಯ. ಈ ಕ್ರಮವನ್ನು ಹಿಡಿದರೆ ವಿಷಯದ ಬಹುಪಾಲು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲು ಅಳತೆಯ ಮಾತು. ಒಂದೇ ಜಾಗದಲ್ಲಿ ಒಂದು ಬೆಂಕಿಗೂ ಮುಂದಿನ ಬೆಂಕಿಗೂ ನಡುವೆ ಸರಾಸರಿ ಎಷ್ಟು ವರ್ಷ ಕಳೆಯುತ್ತದೆ ಎಂಬುದನ್ನು ಬೆಂಕಿಯ ಮರುಕಳಿಕೆಯ ಅವಧಿ ಎನ್ನುತ್ತಾರೆ. ಇದು ಸರಾಸರಿಯೇ ಹೊರತು ವೇಳಾಪಟ್ಟಿಯಲ್ಲ. ಅವಧಿ 30 ವರ್ಷ ಎಂದಿರುವ ಗುಡ್ಡದಲ್ಲಿ 12 ವರ್ಷಕ್ಕೇ ಬೆಂಕಿ ಬರಬಹುದು, 60 ವರ್ಷ ಬಾರದೆಯೂ ಇರಬಹುದು. ಬರಹದ ದಾಖಲೆ ಇಲ್ಲದ ಕಾಲದ ಲೆಕ್ಕ ಸಿಗುವುದು ಮರಗಳಿಂದ. ನೆಲದ ಮೇಲೆ ಹರಿದ ಬೆಂಕಿ ಪೈನ್ ಮರದ ಬುಡವನ್ನು ಒಂದು ಕಡೆ ಸುಟ್ಟು ಹೋಗುತ್ತದೆ, ಮರ ಸಾಯುವುದಿಲ್ಲ. ಕೊಡಲಿ ಪೆಟ್ಟು ಬಿದ್ದ ಮರ ಗಾಯದ ಅಂಚಿನಿಂದ ಹೊಸ ಕಟ್ಟಿಗೆ ಬೆಳೆಸಿ ಮುಚ್ಚಿಕೊಳ್ಳುವಂತೆ ಇಲ್ಲಿಯೂ ಮುಂದಿನ ವರ್ಷಗಳ ಉಂಗುರಗಳು ಸುಟ್ಟ ಕಲೆಯ ಮೇಲೆ ಬಾಗಿಕೊಂಡು ಬೆಳೆಯುತ್ತವೆ. ಕಾಂಡದ ಅಡ್ಡಸೀಳನ್ನು ನುಣ್ಣಗೆ ಉಜ್ಜಿ ನೋಡಿದರೆ ಕಪ್ಪು ಕಲೆ ಯಾವ ವರ್ಷದ ಉಂಗುರದಲ್ಲಿದೆ ಎಂಬುದನ್ನು ಎಣಿಸಿ ಹೇಳಬಹುದು. ಎಷ್ಟೋ ಸಲ ಆ ವರ್ಷದ ಬೆಳವಣಿಗೆಯ ಯಾವ ಹಂತದಲ್ಲಿ ಬೆಂಕಿ ಬಿದ್ದಿತ್ತು ಎಂಬುದೂ ತಿಳಿಯುತ್ತದೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಖಗೋಳ ವಿಜ್ಞಾನಿ ಎ. ಇ. ಡಗ್ಲಸ್ 1937ರಲ್ಲಿ ಮರದ ಉಂಗುರಗಳ ಅಧ್ಯಯನಕ್ಕೆಂದೇ ಪ್ರಯೋಗಾಲಯವೊಂದನ್ನು ಸ್ಥಾಪಿಸಿದರು. ಅರಿಜೋನಾದ ಬೆಂಕಿಯ ಇತಿಹಾಸ ಇಷ್ಟು ನಿಖರವಾಗಿ ತಿಳಿದಿರುವುದಕ್ಕೆ ಈ ವಿದ್ಯೆ ಅಲ್ಲಿ ಬೇರೂರಿದ್ದೂ ಒಂದು ಕಾರಣ.

ಆದ್ದರಿಂದ ಉದಾಹರಣೆಯನ್ನೂ ಅಲ್ಲಿಂದಲೇ ತೆಗೆದುಕೊಳ್ಳೋಣ. ಟೂಸಾನ್ ನಗರ ಸುಮಾರು 730 ಮೀಟರ್ ಎತ್ತರದಲ್ಲಿ ಸೊನೋರಾ ಮರುಭೂಮಿಯಲ್ಲಿದೆ. ವರ್ಷದ ಮಳೆ 300 ಮಿ.ಮೀ. ಆಸುಪಾಸು. ಊರಿನ ಅಂಚಿನಿಂದ ಹೊರಡುವ ಘಾಟಿ ರಸ್ತೆ ಸುಮಾರು 40 ಕಿ.ಮೀ.ಯಲ್ಲಿ 2,790 ಮೀಟರ್ ಎತ್ತರದ ಮೌಂಟ್ ಲೆಮನ್ ಶಿಖರದ ಹತ್ತಿರ ತಲುಪುತ್ತದೆ. ತಳದಲ್ಲಿ ಕಂಬದಂಥ ಸಗ್ವಾರೊ ಕಳ್ಳಿಗಳು, ಒಂದಕ್ಕೊಂದು ದೂರ ದೂರ, ನಡುವೆ ಬರಿಯ ಕಲ್ಲುನೆಲ. ಕಿಡಿ ಬಿದ್ದರೂ ಒಂದು ಗಿಡ ಉರಿದು ಆರುತ್ತದೆ, ಪಕ್ಕದ ಗಿಡಕ್ಕೆ ದಾಟಲು ದಾರಿಯಿಲ್ಲ. ಹೀಗಾಗಿ ಅಲ್ಲಿ ಹಿಂದೆ ದೊಡ್ಡ ಬೆಂಕಿ ತೀರಾ ಅಪರೂಪವಾಗಿತ್ತು. ಇನ್ನಷ್ಟು ಮೇಲೆ ಹುಲ್ಲು ಮತ್ತು ಓಕ್ ಮರಗಳು, ಅದರ ಮೇಲೆ ಪಾಂಡೆರೋಸಾ ಪೈನ್ ಕಾಡು. ಬುಡದಲ್ಲಿ ಹುಲ್ಲು ಮತ್ತು ಉದ್ದನೆಯ ಒಣ ಸೂಜಿಎಲೆ ಹಾಸಿರುವ ಈ ಪೈನ್ ಕಾಡಿನಲ್ಲಿ 1880ಕ್ಕೆ ಮೊದಲು 2ರಿಂದ 20 ವರ್ಷಕ್ಕೊಮ್ಮೆ ಮೊಣಕಾಲೆತ್ತರದ ಬೆಂಕಿ ನೆಲದ ಮೇಲೆ ಹರಿದು ಹೋಗುತ್ತಿತ್ತು. ತುತ್ತತುದಿಯ ತಂಪು, ತೇವದ ಫರ್ ಕಾಡಿನಲ್ಲಿ ಉರುವಲು ಬೇಕಾದಷ್ಟಿದ್ದರೂ ಅದು ಪೂರ್ತಿ ಒಣಗುವ ವರ್ಷಗಳು ಕಡಿಮೆ, ಆದ್ದರಿಂದ ಬೆಂಕಿಯ ಅಂತರ ಮತ್ತೆ ಹಿಗ್ಗುತ್ತದೆ. ತಳದಲ್ಲಿ ಬೆಂಕಿಯನ್ನು ತಡೆದದ್ದು ಉರುವಲಿನ ಅಭಾವ, ತುದಿಯಲ್ಲಿ ತಡೆದದ್ದು ತೇವ. ಎರಡೂ ತಡೆ ಇಲ್ಲದ ನಡುವಿನ ಪಟ್ಟಿಯೇ ಅತಿ ಹೆಚ್ಚು ಸಲ ಸುಟ್ಟದ್ದು. ಒಂದು ಬೆಟ್ಟದಲ್ಲಿ ಕಾಣುವ ಈ ಏರಿಳಿತವೇ ಮರುಭೂಮಿಯಿಂದ ಸವನ್ನಾ ದಾಟಿ ಮಳೆಕಾಡಿನವರೆಗೆ ಇಡೀ ಭೂಮಿಯ ಮೇಲೆಯೂ ಕಾಣುತ್ತದೆ.

ಉರುವಲು ಒಣಗುವುದು ಎಂದರೇನು? ಸೌದೆ ಒಲೆ ಹಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡ್ಡಿ ಗೀರಿ ನೇರವಾಗಿ ಕೊರಡಿಗೆ ಯಾರೂ ಹಿಡಿಯುವುದಿಲ್ಲ. ಮೊದಲು ತರಗು ಅಥವಾ ಒಣಗರಿ, ಅದರ ಮೇಲೆ ಪುಳ್ಳೆ, ಅದು ಹೊತ್ತಿಕೊಂಡ ಮೇಲೆ ಸೌದೆ. ಕಾಡಿನ ಬೆಂಕಿಯನ್ನು ಅಂದಾಜು ಮಾಡುವವರೂ ಉರುವಲನ್ನು ಹೀಗೆಯೇ ದಪ್ಪದ ಮೇಲೆ ವಿಂಗಡಿಸುತ್ತಾರೆ. ಸುಮಾರು 6 ಮಿ.ಮೀ.ಗಿಂತ ತೆಳುವಾದ ಹುಲ್ಲು, ಎಲೆ, ಕಡ್ಡಿಗಳು ಸುತ್ತಲಿನ ಗಾಳಿಯ ಒಣತನಕ್ಕೆ ಒಂದು ಗಂಟೆಯೊಳಗೆ ಹೊಂದಿಕೊಳ್ಳುವುದರಿಂದ ಅವಕ್ಕೆ ಒಂದು ಗಂಟೆಯ ಉರುವಲು ಎಂದು ಹೆಸರು. ತೋಳು ದಪ್ಪ ಮೀರಿದ ದಿಮ್ಮಿಗಳದ್ದು ಸಾವಿರ ಗಂಟೆಯ ಲೆಕ್ಕ, ಅಂದರೆ ಒಂದು ತಿಂಗಳಿಗೂ ಮಿಕ್ಕಿ. ಬೆಳಿಗ್ಗೆ ಇಬ್ಬನಿಯಲ್ಲಿ ಮೆತ್ತಗಿದ್ದ ಹುಲ್ಲು ಮಧ್ಯಾಹ್ನದ ಹೊತ್ತಿಗೆ ಮುರಿದರೆ ಚಟ್ಟೆನ್ನುವಷ್ಟು ಗರಿಗರಿಯಾಗುವುದೂ, ಹುಲ್ಲುನಾಡಿಗೆ ಕೆಲವು ದಿನಗಳ ಬಿಸಿಲು ಸಾಕಾಗಿ ದಟ್ಟ ಕಾಡಿಗೆ ತಿಂಗಳುಗಟ್ಟಲೆ ಬರ ಬೇಕಾಗುವುದೂ ಇದರಿಂದಲೇ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯಲ್ಲಿ ಇರಬಹುದಾದ ನೀರಾವಿಯ ಗರಿಷ್ಠ ಪ್ರಮಾಣ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಗಾಳಿಗೆ ಅಷ್ಟು ನೀರು ಬೇರೆಡೆಯಿಂದ ದೊರೆಯದಿದ್ದರೆ ಅದು ಎಲೆಯಿಂದಲೂ ಮಣ್ಣಿನಿಂದಲೂ ಹೀರುತ್ತದೆ. ಭೂಮಿ ಕಾಯುತ್ತಿರುವುದಕ್ಕೂ ಬೆಂಕಿಯ ಋತು ಉದ್ದವಾಗುತ್ತಿರುವುದಕ್ಕೂ ನಡುವಿನ ಮುಖ್ಯ ಕೊಂಡಿ ಇದು.

ಬೆಂಕಿಗೆ ಬೇಕಾದವುಗಳಲ್ಲಿ ಉರುವಲು ಮೊದಲನೆಯದು, ಅದು ಒಣಗುವುದು ಎರಡನೆಯದು. ಮೂರನೆಯದು ಕಿಡಿ, ನಾಲ್ಕನೆಯದು ಗಾಳಿ. ಅರಿಜೋನಾಕ್ಕೂ ಒಂದು ಮುಂಗಾರು ಇದೆ. ಅಲ್ಲಿಯವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಜುಲೈ ಮಳೆಗೆ ಮುಂಚಿನ ಮೇ, ಜೂನ್ ತಿಂಗಳುಗಳಲ್ಲಿ ಮೋಡ ಗುಡುಗಿ ಸಿಡಿಲು ಬೀಳುತ್ತದೆ, ಹನಿಗಳು ಮಾತ್ರ ನೆಲ ಮುಟ್ಟುವ ಮೊದಲೇ ಆವಿಯಾಗುತ್ತವೆ. ಲೆಮನ್ ಶಿಖರವಿರುವ ಬೆಟ್ಟಸಾಲಿನಲ್ಲಿ 2020ರ ಜೂನ್ 5ರಂದು ಇಂಥದೇ ಸಿಡಿಲಿನಿಂದ ಹೊತ್ತಿದ ಬೆಂಕಿ ಸುಮಾರು 48,000 ಹೆಕ್ಟೇರ್ ಸುಟ್ಟಿತು. ಆದರೂ ಸಂಖ್ಯೆಯ ದೃಷ್ಟಿಯಿಂದ ಕಿಡಿ ಹಾರಿಸುವವರು ಹೆಚ್ಚಾಗಿ ಮನುಷ್ಯರೇ: 1992ರಿಂದ 2012ರವರೆಗೆ ಅಮೆರಿಕದಲ್ಲಿ ದಾಖಲಾದ ಕಾಡ್ಗಿಚ್ಚುಗಳಲ್ಲಿ ಶೇ. 84ರಷ್ಟಕ್ಕೆ ಮನುಷ್ಯರು ಕಾರಣರಾಗಿದ್ದರು. ಗಾಳಿಯ ಪಾತ್ರ ಎಲ್ಲರಿಗೂ ಗೊತ್ತಿರುವುದೇ. ಇಳಿಜಾರಿನ ಮೇಲ್ಮುಖವಾಗಿ ಬೆಂಕಿ ವೇಗವಾಗಿ ಏರುತ್ತದೆ ಎಂಬುದನ್ನು ಮಾತ್ರ ಜೊತೆಗೆ ಸೇರಿಸಿಕೊಳ್ಳಬೇಕು.

ಮಳೆ ಚೆನ್ನಾಗಿ ಬಂದ ವರ್ಷ ಬೆಂಕಿಯ ಭಯ ಕಡಿಮೆ ಎಂದು ಬರೆಯುವವರು ಇಲ್ಲಿ ಎಚ್ಚರ ವಹಿಸಬೇಕು. ದಟ್ಟ ಕಾಡಿಗೆ ಅದು ಬಹುಮಟ್ಟಿಗೆ ಸರಿ, ಮರುಭೂಮಿಗೆ ಅದರ ವಿರುದ್ಧವೇ ಸರಿ. 2004-05ರ ಚಳಿಗಾಲದಲ್ಲಿ ಸೊನೋರಾದಲ್ಲಿ ಮಳೆ ಹೆಚ್ಚಾಗಿ, ಕಳ್ಳಿಗಳ ನಡುವಿನ ಬರಿನೆಲದ ತುಂಬ ಹುಲ್ಲು ಹಬ್ಬಿತು. 2005ರ ಜೂನ್‌ನಲ್ಲಿ ಫೀನಿಕ್ಸ್ ನಗರದ ಉತ್ತರಕ್ಕೆ ಸುಮಾರು 1 ಲಕ್ಷ ಹೆಕ್ಟೇರ್ ಸುಟ್ಟುಹೋಯಿತು. ಆಸ್ಟ್ರೇಲಿಯಾದ ಒಣ ಒಳನಾಡಿನಲ್ಲಿ 1974-75ರಲ್ಲಿ 10 ಕೋಟಿ ಹೆಕ್ಟೇರಿಗೂ ಮಿಕ್ಕಿ ನೆಲ ಬೆಂಕಿಗೆ ತುತ್ತಾದದ್ದೂ ಅಸಾಧಾರಣ ಮಳೆಯ ಬೆನ್ನಿಗೇ. ಲಾಸ್ ಏಂಜಲೀಸ್‌ನಲ್ಲಿ ಸತತ ಎರಡು ಚಳಿಗಾಲ ಮಳೆ ಹೇರಳವಾಗಿ ಸುರಿದು, 2024ರ ಮೇ ತಿಂಗಳಿನಿಂದ ಮುಂದೆ ಹೆಚ್ಚುಕಡಿಮೆ ನಿಂತೇ ಹೋಗಿ, 2025ರ ಜನವರಿ 7ರಂದು ಬಿರುಗಾಳಿಯೊಡನೆ ಬೆಂಕಿ ಊರಿಗೇ ನುಗ್ಗಿತು.

ಈ ಲಯ ಎರಡು ದಿಕ್ಕಿನಲ್ಲಿ ಕೆಟ್ಟಿದೆ. ಪೈನ್ ಕಾಡಿನಲ್ಲಿ ಬೆಂಕಿ ನಿಂತುಹೋದದ್ದೇ ತೊಂದರೆಯಾಯಿತು. 1880ರ ದಶಕದಲ್ಲಿ ರೈಲು ಬಂದ ಮೇಲೆ ದನಕುರಿಗಳ ಹಿಂಡುಗಳು ಹುಲ್ಲನ್ನು ಮೇಯ್ದು ಮುಗಿಸಿದವು. ಮರದ ಉಂಗುರಗಳಲ್ಲಿ ಕಪ್ಪು ಕಲೆಗಳು ಆ ಹೊತ್ತಿಗೇ ನಿಲ್ಲುತ್ತವೆ. ಆಮೇಲೆ ಅರಣ್ಯ ಇಲಾಖೆ ಪ್ರತಿಯೊಂದು ಬೆಂಕಿಯನ್ನೂ ನಂದಿಸತೊಡಗಿತು. 1935ರಿಂದಂತೂ ಬೆಂಕಿ ಕಂಡ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಅದನ್ನು ಹತೋಟಿಗೆ ತರಬೇಕೆಂಬುದು ನಿಯಮವೇ ಆಯಿತು. ಹಿಂದೆ ಚಿಕ್ಕ ಬೆಂಕಿಗೆ ಸಾಯುತ್ತಿದ್ದ ಸಸಿಗಳು ಒತ್ತೊತ್ತಾಗಿ ಬೆಳೆದು, ನೆಲದ ಬೆಂಕಿ ಮರದ ತಲೆಗೆ ಹತ್ತಲು ಏಣಿಯಾದವು. 2002ರಲ್ಲಿ ಅರಿಜೋನಾದಲ್ಲಿ ಸುಮಾರು 1.9 ಲಕ್ಷ ಹೆಕ್ಟೇರ್ ಸುಟ್ಟ ಬೆಂಕಿಯಲ್ಲಿ ದಪ್ಪ ತೊಗಟೆಯ ಹಳೆಯ ಪೈನ್‌ಗಳೂ ಉಳಿಯಲಿಲ್ಲ.

ಮರುಭೂಮಿಯ ಕಷ್ಟ ಇದಕ್ಕೆ ತಿರುಗುಮುರುಗು. 20ನೆಯ ಶತಮಾನದಲ್ಲಿ ಮೇವಿಗಾಗಿ ಹೊರಗಿನಿಂದ ತಂದ ಬಫೆಲ್ ಹುಲ್ಲು ಕಳ್ಳಿಗಳ ನಡುವಿನ ಖಾಲಿ ಜಾಗವನ್ನು ತುಂಬುತ್ತಿದೆ. ಇದು ನಮ್ಮ ದೇಶದ ಒಣಭೂಮಿಯಲ್ಲಿ ಅಂಜನ್ ಹುಲ್ಲು ಎಂಬ ಹೆಸರಿನಲ್ಲಿ ಒಳ್ಳೆಯ ಮೇವಾಗಿರುವ ಹುಲ್ಲೇ. ಸುಟ್ಟರೂ ಬುಡದಿಂದ ಮತ್ತೆ ಚಿಗುರುವುದು ಅದರ ಗುಣ. ಸಗ್ವಾರೊ ಕಳ್ಳಿಗೆ ಆ ಶಕ್ತಿಯಿಲ್ಲ. ಅದರ ಸಸಿ ಮೊದಲ 8 ವರ್ಷಗಳಲ್ಲಿ ಬೆಳೆಯುವುದು ಒಂದೂವರೆ ಅಂಗುಲದಷ್ಟು, ಮೊದಲ ತೋಳು ಒಡೆಯುವ ಹೊತ್ತಿಗೆ 50 ವರ್ಷ ದಾಟಿರುತ್ತದೆ. ಇಂಥ ಗಿಡ ಇರುವ ನೆಲಕ್ಕೆ ಹತ್ತಾರು ವರ್ಷಕ್ಕೊಮ್ಮೆ ಬೆಂಕಿ ಬಂದರೆ ಅಲ್ಲಿ ಹುಲ್ಲೊಂದೇ ಉಳಿಯುತ್ತದೆ.

ಇಷ್ಟು ಓದಿದ ಮೇಲೆ ನನ್ನ ಮನಸ್ಸು ಬಂಡೀಪುರದ ಕಡೆಗೆ ಹೋಗದೆ ಇರಲಿಲ್ಲ. ಅಲ್ಲಿಯ ಎಲೆ ಉದುರುವ ಒಣ ಕಾಡಿನಲ್ಲಿ ಮಳೆಗಾಲ ಉರುವಲು ಬೆಳೆಸುತ್ತದೆ, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬಿಸಿಲು ಅದನ್ನು ಒಣಗಿಸುತ್ತದೆ, ಕಿಡಿ ಹಾರುವುದು ಬಹುತೇಕ ಮನುಷ್ಯರ ಕೈಯಿಂದ. 2019ರ ಫೆಬ್ರವರಿಯಲ್ಲಿ ಅಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು. ಅಲ್ಲಿಂದ ಪೂರ್ವಕ್ಕಿರುವ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮುನ್ನವೇ ತರಗಿಗೆ ಅಲ್ಲಲ್ಲಿ ಸಣ್ಣದಾಗಿ ಬೆಂಕಿ ಕೊಡುತ್ತಿದ್ದರು, ಅದನ್ನು ತರಗು ಬೆಂಕಿ ಎನ್ನುತ್ತಿದ್ದರು. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಆ ರೂಢಿ ನಿಂತಿತು. ಕಾಡಿನಲ್ಲಿ ಲಂಟಾನ ಇಷ್ಟು ಹಬ್ಬಿದ್ದು ತರಗು ಬೆಂಕಿ ನಿಂತ ಮೇಲೆಯೇ ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಜನವರಿಯ ಹೊತ್ತಿಗೆ ಎಲೆ ಮಾತ್ರ ಒಣಗಿರುತ್ತದೆ, ಅದರ ಕೆಳಗಿನ ಮಣ್ಣಿನಲ್ಲಿಯೂ ದಪ್ಪ ಕಟ್ಟಿಗೆಯಲ್ಲಿಯೂ ಇನ್ನೂ ಪಸೆ ಇರುತ್ತದೆ; ಆಗ ಹಚ್ಚಿದ ಬೆಂಕಿ ತರಗನ್ನಷ್ಟೇ ತಿಂದು ಸಂಜೆಯ ಮಂಜಿಗೆ ಆರುತ್ತದೆ. ಅದೇ ಕಾಡು ಮಾರ್ಚ್ ಕೊನೆಯಲ್ಲಿ, ಆಳೆತ್ತರದ ಒಣ ಲಂಟಾನ ಮೆಳೆಗಳ ನಡುವೆ ಹೊತ್ತಿದರೆ ಬೆಂಕಿ ಮರದ ಕೊಂಬೆಗಳವರೆಗೂ ಏರುತ್ತದೆ.