2035 ಎಂಬ ತಪ್ಪು ಇಸವಿ: ಹಿಮಾಲಯದ ಜಗಳವನ್ನು ಓದಿಕೊಂಡ ಬಗೆ

ಹವಾಮಾನ ಬದಲಾವಣೆಯ ಬಗ್ಗೆ ವಾದ ಶುರುವಾದರೆ ಒಂದು ಮಾತು ಬಂದೇ ಬರುತ್ತದೆ. "ಹಿಮಾಲಯದ ಹಿಮನದಿಗಳು 2035ಕ್ಕೆ ಖಾಲಿ ಅಂದಿದ್ರು. ಅದೇ ಸುಳ್ಳಾಯ್ತಲ್ಲ, ಉಳಿದಿದ್ದನ್ನ ಹೇಗೆ ನಂಬೋದು?" ನಮ್ಮ ಓದಿನ ಗುಂಪಿನಲ್ಲೂ ಈ ಪ್ರಶ್ನೆ ಬಂತು. ನನಗೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಹಾಗಾಗಿ ಈ ಜಗಳವನ್ನು ಮೊದಲಿನಿಂದ ಓದಿ ಟಿಪ್ಪಣಿ ಮಾಡಿಕೊಂಡೆ. ನಿಮಗೂ ಬೇಕಾಗಬಹುದು.

ತಪ್ಪು ಹುಟ್ಟಿದ್ದು ಎಲ್ಲಿ?

ಐಪಿಸಿಸಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ. 1988ರಲ್ಲಿ ಹುಟ್ಟಿತು. ಅದು ತಾನೇ ಸಂಶೋಧನೆ ಮಾಡುವುದಿಲ್ಲ. ಬೇರೆಯವರು ಮಾಡಿದ ಸಂಶೋಧನೆಗಳನ್ನು ಓದಿ, ತೂಗಿ, ವರದಿ ಬರೆಯುತ್ತದೆ. ಇದನ್ನು ನೆನಪಿಡಿ, ಮುಂದಿನ ಕಥೆಗೆಲ್ಲ ಇದೇ ಬುಡ.

2007ರಲ್ಲಿ ಅದರ ನಾಲ್ಕನೇ ವರದಿ ಬಂತು. ಮೂರು ಸಂಪುಟಗಳಿದ್ದವು. ಮೊದಲನೆಯದು ಭೌತವಿಜ್ಞಾನದ್ದು, ಎರಡನೆಯದು ಪರಿಣಾಮಗಳದ್ದು, ಮೂರನೆಯದು ಪರಿಹಾರದ್ದು. ಎರಡನೇ ಸಂಪುಟದ ಏಷ್ಯಾ ಅಧ್ಯಾಯದಲ್ಲಿ ಒಂದು ಪ್ಯಾರಾ ಇತ್ತು. ಬಿಸಿ ಹೀಗೇ ಏರಿದರೆ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ, ಬಹುಶಃ ಅದಕ್ಕೂ ಮೊದಲೇ ಮಾಯವಾಗುವ ಸಾಧ್ಯತೆ ತುಂಬಾ ಜಾಸ್ತಿ ಎಂದು ಅಲ್ಲಿ ಬರೆದಿತ್ತು. ಅವುಗಳ ವಿಸ್ತಾರ 5 ಲಕ್ಷ ಚದರ ಕಿಲೋಮೀಟರಿನಿಂದ 1 ಲಕ್ಷಕ್ಕೆ ಇಳಿಯುತ್ತದೆ ಎಂದೂ ಇತ್ತು. ಮಾಯವಾಗುವುದಾದರೆ 1 ಲಕ್ಷ ಉಳಿಯುವುದು ಹೇಗೆ? ಅದಿರಲಿ, ಹಿಮಾಲಯದ ಹಿಮನದಿಗಳ ಒಟ್ಟು ವಿಸ್ತಾರವೇ ಸುಮಾರು 33,000 ಚದರ ಕಿಲೋಮೀಟರ್. 5 ಲಕ್ಷ ಬಂದಿದ್ದಾದರೂ ಎಲ್ಲಿಂದ?

ರಷ್ಯಾದ ಹಿಮನದಿ ತಜ್ಞ ಕೋಟ್ಲ್ಯಾಕೋವ್ 1996ರಲ್ಲಿ ಬರೆದ ಲೆಕ್ಕ ಒಂದಿದೆ. ಧ್ರುವ ಪ್ರದೇಶ ಬಿಟ್ಟು ಇಡೀ ಭೂಮಿಯ ಹಿಮನದಿಗಳು 5 ಲಕ್ಷದಿಂದ 1 ಲಕ್ಷ ಚದರ ಕಿಲೋಮೀಟರಿಗೆ ಇಳಿಯುತ್ತವೆ ಎಂದು ಅದರಲ್ಲಿದೆ. ಇಸವಿ ಮಾತ್ರ 2350! ಇನ್ನು 2035 ಎಂಬ ಅಂಕಿ ಐಪಿಸಿಸಿಗೆ ಬಂದಿದ್ದು ಡಬ್ಲ್ಯುಡಬ್ಲ್ಯುಎಫ್ ಎಂಬ ಪರಿಸರ ಸಂರಕ್ಷಣಾ ಸಂಸ್ಥೆಯ 2005ರ ವರದಿಯಿಂದ. ಆ ವರದಿಗೆ ಸಿಕ್ಕಿದ್ದು 1999ರ ಒಂದು ಪತ್ರಿಕಾ ಲೇಖನದಿಂದ. ಆ ಲೇಖನಕ್ಕೆ ಆಧಾರ ಒಬ್ಬ ತಜ್ಞರ ಸಂದರ್ಶನ. ಇಡೀ ದಾರಿಯಲ್ಲಿ ಬೇರೆ ವಿಜ್ಞಾನಿಗಳು ಪರಿಶೀಲಿಸಿದ ಒಂದೇ ಒಂದು ಲೇಖನವೂ ಇರಲಿಲ್ಲ. ಕರಡು ನೋಡುವಾಗ ಜಪಾನ್ ಸರ್ಕಾರ ಈ ಮಾತು ಎಷ್ಟು ಖಚಿತ ಎಂದು ಕೇಳಿತ್ತು. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲಿಲ್ಲ, ಸಾಲು ಅಚ್ಚಾಯಿತು.

ನನಗೆ ನಿಜಕ್ಕೂ ಬೇಸರವಾಗಿದ್ದು ಇಲ್ಲೇ. ಕೋಟಿಗಟ್ಟಲೆ ಜನರ ನೀರಿನ ಮಾತಿದು. ಹಾಗೆ ಬಿಡಬಾರದಿತ್ತು.

ದೆಹಲಿಯಲ್ಲಿ ನಡೆದ ಜಟಾಪಟಿ

2009ರ ನವೆಂಬರ್. ಕೋಪನ್‌ಹೇಗನ್‌ನ ಜಾಗತಿಕ ಹವಾಮಾನ ಶೃಂಗಸಭೆಗೆ ಒಂದೇ ತಿಂಗಳಿತ್ತು. ಭಾರತದ ಪರಿಸರ ಸಚಿವಾಲಯ ಒಂದು ಚರ್ಚಾ ಪತ್ರ ಹೊರತಂದಿತು. ಬರೆದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಹಿರಿಯ ಅಧಿಕಾರಿಯಾಗಿದ್ದ ವಿ.ಕೆ. ರೈನಾ. ಹಿಮನದಿಗಳು ಹಿಂದೆ ಸರಿಯುತ್ತಿವೆ ನಿಜ, ಆದರೆ ಅಸಹಜ ಎನ್ನುವಷ್ಟೇನೂ ಅಲ್ಲ ಎಂದು ಅವರು ವಾದಿಸಿದರು. ಆಗಿನ ಸಚಿವ ಜೈರಾಂ ರಮೇಶ್ (ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ) ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಭೂಮಿ ಬಿಸಿಯಾಗುವುದಕ್ಕೂ ಹಿಮಾಲಯದ ಹಿಮ ಕರಗುವುದಕ್ಕೂ ನಂಟಿದೆ ಎನ್ನಲು ಖಚಿತ ಪುರಾವೆ ಇಲ್ಲ ಎಂದರು. ಐಪಿಸಿಸಿ ಅಧ್ಯಕ್ಷ ಆರ್.ಕೆ. ಪಚೌರಿ ಸಿಟ್ಟಾದರು. ರೈನಾ ಅವರ ಪತ್ರವನ್ನು ಮಾಟಮಂತ್ರದ ವಿಜ್ಞಾನ ಎಂಬರ್ಥದಲ್ಲಿ 'ವೂಡೂ ಸೈನ್ಸ್' ಎಂದು ಕರೆದರು.

2010ರ ಜನವರಿ 20ರಂದು ಐಪಿಸಿಸಿ 2035ರ ಮಾತಿಗೆ ವಿಷಾದ ವ್ಯಕ್ತಪಡಿಸಿತು. ತನ್ನದೇ ನಿಯಮಗಳನ್ನು ಆ ಪ್ಯಾರಾದಲ್ಲಿ ಸರಿಯಾಗಿ ಪಾಲಿಸಲಿಲ್ಲ ಎಂದು ಒಪ್ಪಿಕೊಂಡಿತು. ಹಿಮನದಿಗಳು ಈ ಶತಮಾನದಲ್ಲಿ ವೇಗವಾಗಿ ಕರಗುತ್ತವೆ ಎಂಬ ಒಟ್ಟು ತೀರ್ಮಾನವನ್ನು ಮಾತ್ರ ಬಿಡಲಿಲ್ಲ.

ಅಲ್ಲಿಗೆ ಗೆದ್ದವರು ಯಾರು? ಪತ್ರಿಕೆಗಳು ರೈನಾ ಗೆದ್ದರು ಎಂಬಂತೆ ಬರೆದವು. 2035ರ ಮಟ್ಟಿಗೆ ಅದು ಸರಿ. ಪಚೌರಿ ಆಡಿದ ಮಾತು ತಪ್ಪೇ. ಪ್ರಶ್ನೆ ಕೇಳಿದವರನ್ನು ಹೀಗಳೆದರೆ ಪ್ರಶ್ನೆ ಸಾಯುವುದಿಲ್ಲ. ಆದರೆ ಅಂಕಿ ಸುಳ್ಳು ಎಂದ ಮಾತ್ರಕ್ಕೆ ಹಿಮಾಲಯ ಕ್ಷೇಮವಾಗಿದೆ ಎಂದಾಗುತ್ತದಾ? ಇಲ್ಲ. ಯಾಕೆ ಅಂತ ತಿಳಿಯಲು ಅಳತೆಯ ಬಗ್ಗೆ ಸ್ವಲ್ಪ ನೋಡಬೇಕು.

ಮೂತಿ ಅಳೆಯುವುದು, ಜಮಾ-ಖರ್ಚು ಅಳೆಯುವುದು

ಹಿಮನದಿಯ ಕೆಳತುದಿಯನ್ನು ಮೂತಿ ಎನ್ನುತ್ತಾರೆ. ಗಂಗೋತ್ರಿ ಹಿಮನದಿಯ ಮೂತಿಯೇ ಗೋಮುಖ. ಮೂತಿ ಎಷ್ಟು ಮೀಟರ್ ಹಿಂದೆ ಸರಿಯಿತು ಎಂದು ಅಳೆಯುವುದು ಸುಲಭ. ಹಳೆಯ ದಾಖಲೆಗಳು ಹೆಚ್ಚಾಗಿ ಇದೇ ಬಗೆಯವು. ರೈನಾ ಕೂಡ ಬಹುಪಾಲು ಇದನ್ನೇ ನೆಚ್ಚಿದ್ದರು, ಅದೂ ಸುಮಾರು 25 ಹಿಮನದಿಗಳದ್ದು.

ಗಂಗೋತ್ರಿ ಸುಮಾರು 30 ಕಿಲೋಮೀಟರ್ ಉದ್ದವಿದೆ. ಇಷ್ಟು ದೊಡ್ಡ ಹಿಮನದಿಯಲ್ಲಿ ಮೇಲೆ ಆದ ಬದಲಾವಣೆ ಮೂತಿಗೆ ತಲುಪಲು ದಶಕಗಳೇ ಹಿಡಿಯುತ್ತವೆ. ಜೊತೆಗೆ ಹಿಮಾಲಯದ ಎಷ್ಟೋ ಹಿಮನದಿಗಳ ಕೆಳಭಾಗಕ್ಕೆ ಕಲ್ಲು, ಮಣ್ಣಿನ ಹೊದಿಕೆ ಇರುತ್ತದೆ. ದಪ್ಪ ಹೊದಿಕೆ ಬಿಸಿಲನ್ನು ತಡೆಯುತ್ತದೆ. ಆಗ ಮೂತಿ ಇದ್ದಲ್ಲೇ ಇರುತ್ತದೆ, ಮೇಲಿನ ಹಿಮ ಮಾತ್ರ ತೆಳುವಾಗುತ್ತಾ ಹೋಗುತ್ತದೆ. ಕೆರೆಯನ್ನು ನೆನಪಿಸಿಕೊಳ್ಳಿ. ನೀರು ದಡದಿಂದ ಜಾಸ್ತಿ ಸರಿದಿಲ್ಲ ಅಂದರೆ ಕೆರೆ ತುಂಬಿದೆ ಅಂತಲ್ಲ, ಆಳ ನೋಡಬೇಕು.

ಹಾಗಾಗಿ ಜಮಾ-ಖರ್ಚಿನ ಲೆಕ್ಕವೇ ಹೆಚ್ಚು ನಂಬಿಕೆಯದು. ವರ್ಷಕ್ಕೆ ಎಷ್ಟು ಹಿಮ ಬಿತ್ತು, ಎಷ್ಟು ಕರಗಿತು? ಇದಕ್ಕೆ ಹಿಮದಲ್ಲಿ ಗೂಟ ಇಳಿಸಿ, ಪ್ರತಿವರ್ಷ ಹತ್ತಿಹೋಗಿ ಅಳೆಯಬೇಕು. ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ಈ ಕೆಲಸ ನಡೆದಿದೆ. ಅಷ್ಟು ಎತ್ತರದಲ್ಲಿ, ಆ ಚಳಿಯಲ್ಲಿ ಗೂಟ ಲೆಕ್ಕ ಹಾಕುವವರ ಬಗ್ಗೆ ನನಗೆ ದೊಡ್ಡ ಗೌರವವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದಲ್ಲೂ ಉಪಗ್ರಹದ ನೆರವಿನಿಂದ ಹಿಮಾಲಯದ ಹಿಮನದಿಗಳ ಅಧ್ಯಯನ ನಡೆಯುತ್ತದೆ.

2019ರಲ್ಲಿ ಬಂದ ಒಂದು ಅಧ್ಯಯನ ಈ ವಾದಕ್ಕೆ ಬೇರೆಯದೇ ತಳಹದಿ ಕೊಟ್ಟಿತು. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು ತೆಗೆದ ಫೋಟೋಗಳು ರಹಸ್ಯದಿಂದ ಹೊರಬಂದಿದ್ದವು. ಸಂಶೋಧಕರು ಅವುಗಳಿಂದ 650 ಹಿಮನದಿಗಳ ಹಳೆಯ ಎತ್ತರ ಕಟ್ಟಿ, ಹೊಸ ಚಿತ್ರಗಳ ಜೊತೆ ಹೋಲಿಸಿದರು. 1975ರಿಂದ 2000ದವರೆಗೆ ಇದ್ದುದಕ್ಕಿಂತ 2000ದಿಂದ 2016ರವರೆಗೆ ಕರಗುವ ವೇಗ ದುಪ್ಪಟ್ಟಾಗಿತ್ತು. ಎಲ್ಲ ಕಡೆ ಒಂದೇ ಥರ ಅಲ್ಲ. ಪಶ್ಚಿಮದ ಕಾರಾಕೋರಂನಲ್ಲಿ ಕೆಲವು ಹಿಮನದಿಗಳು ದಶಕಗಳ ಕಾಲ ಹೆಚ್ಚೂಕಡಿಮೆ ಹಾಗೇ ಇದ್ದವು, ಕೆಲವು ಮುಂದೂ ಬಂದವು.

ಇನ್ನೊಂದು ಬಗೆಯ ಜಗಳ

ಭೂಮಿ ಬಿಸಿಯಾಗುವುದರಲ್ಲಿ ಯಾವ ದೇಶದ ಪಾಲು ಎಷ್ಟು ಎಂಬ ಜಗಳವೂ ಒಂದಿದೆ. ಇದನ್ನು ಬೇರೆಯೇ ಇಡಿ, ಬೆರೆಸಬೇಡಿ. 1990ರಲ್ಲಿ ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಹಸಿರುಮನೆ ಅನಿಲ (ಭೂಮಿಯನ್ನು ಬಿಸಿ ಮಾಡುವ ಅನಿಲ) ಬಿಡುವ ದೇಶಗಳಲ್ಲಿ ಭಾರತಕ್ಕೆ ಐದನೇ ಸ್ಥಾನ ಕೊಟ್ಟಿತು. ಮುಂದಿನ ವರ್ಷ ದೆಹಲಿಯ ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅದನ್ನು ಪ್ರಶ್ನಿಸಿದರು. ಬಡ ರೈತನ ಗದ್ದೆಯಿಂದ ಏಳುವ ಮೀಥೇನ್ ಎಂಬ ಹಸಿರುಮನೆ ಅನಿಲವನ್ನೂ ಶ್ರೀಮಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದಾ ಎಂದು ಕೇಳಿದರು. ಒಂದು ಬದುಕಿಗಾಗಿ, ಇನ್ನೊಂದು ಭೋಗಕ್ಕಾಗಿ.

ಅದೇ ಹೊತ್ತಿಗೆ ವಿಜ್ಞಾನಿ ಎ.ಪಿ. ಮಿತ್ರ ಅವರ ತಂಡ ದೇಶದ ಭತ್ತದ ಗದ್ದೆಗಳಿಗೇ ಹೋಗಿ ಮೀಥೇನ್ ಅಳೆಯಿತು. ಅಮೆರಿಕದ ಅಂದಾಜು ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಇತ್ತು. ಇವರಿಗೆ ಸಿಕ್ಕಿದ್ದು ಸುಮಾರು 40 ಲಕ್ಷ ಟನ್. ಬೇರೆ ದೇಶಗಳ ಗದ್ದೆಯ ಅಳತೆಯನ್ನು ನಮಗೂ ಹಚ್ಚಿದ್ದರಿಂದ ಆದ ಎಡವಟ್ಟು ಅದು. ಮಳೆ ನಂಬಿದ ನಮ್ಮ ಎಷ್ಟೋ ಗದ್ದೆಗಳಲ್ಲಿ ಸದಾ ನೀರು ನಿಂತಿರುವುದಿಲ್ಲ. ನೀರು ನಿಲ್ಲದಿದ್ದರೆ ಮೀಥೇನೂ ಕಡಿಮೆ.

ಗದ್ದೆಯಲ್ಲಿ ಎಷ್ಟು ಮೀಥೇನ್ ಎಂಬುದಕ್ಕೆ ಅಳತೆ ಉತ್ತರ ಕೊಟ್ಟಿತು. ಯಾರು ಎಷ್ಟು ಭಾರ ಹೊರಬೇಕು ಎಂಬುದಕ್ಕೆ ಯಾವ ಉಪಕರಣವೂ ಉತ್ತರ ಕೊಡುವುದಿಲ್ಲ. ಇವತ್ತಿಗೂ ತಲೆಗೆ ಲೆಕ್ಕ ಹಾಕಿದರೆ ಭಾರತೀಯನೊಬ್ಬನ ಪಾಲು ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದವನದು ಸುಮಾರು 14 ಟನ್. ಇಲ್ಲಿ ದೇಶಗಳು ಜಗಳವಾಡುವುದು ಸಹಜ, ನ್ಯಾಯವೂ ಹೌದು. ಆದರೆ ಈ ಜಗಳ ಗೆಲ್ಲಲು ಹಿಮ ಕರಗುತ್ತಿಲ್ಲ ಎನ್ನುವ ಅಗತ್ಯ ನಮಗಿಲ್ಲ. 2009ರಲ್ಲಿ ಈ ಎರಡು ಎಳೆ ಸಿಕ್ಕುಬಿದ್ದವು ಎಂದೇ ನನ್ನ ಅನಿಸಿಕೆ.

ಇಂಥ ಪ್ರಶ್ನೆಗೆ ಉತ್ತರ ಕೊಡುವವರಿಗೆ ಇನ್ನೊಂದು ಮಾತು. 'ಹಿಮನದಿ ಕರಗಿದರೆ ಗಂಗೆ ಬತ್ತುತ್ತದೆ' ಎಂದು ಸುಮ್ನೆ ಬರೆಯಬೇಡಿ. ಗಂಗೆಯ ನೀರಿನ ದೊಡ್ಡ ಪಾಲು ಮುಂಗಾರು ಮಳೆಯದು. ಕರಗಿದ ಹಿಮವನ್ನು ಅದಕ್ಕಿಂತ ತುಂಬಾ ಜಾಸ್ತಿ ನೆಚ್ಚಿರುವುದು ಸಿಂಧೂ. ಗಂಗೆಯಲ್ಲೂ ಬೇಸಿಗೆಯಲ್ಲಿ, ಅದರಲ್ಲೂ ಬೆಟ್ಟದ ಮೇಲಿನ ಊರುಗಳಿಗೆ, ಆ ಹಿಮದ ನೀರೇ ಆಸರೆ.