ಫಲಿತಾಂಶಕ್ಕೂ ದಾಖಲಾತಿಗೂ ನಡುವೆ ಕಾಣೆಯಾಗುವ ಹಾಡಿಯ ಮಕ್ಕಳು

ದಕ್ಷಿಣ ಕೊಡಗಿನ ಪದವಿ ಕಾಲೇಜೊಂದರಲ್ಲಿ ದಾಖಲಾತಿ ಮತ್ತು ವಿದ್ಯಾರ್ಥಿವೇತನದ ಕೆಲಸ ನೋಡಿಕೊಳ್ಳುವ ಅಧ್ಯಾಪಕಿ ನಾನು. ಪರಿಶಿಷ್ಟ ಪಂಗಡದ ಸೀಟುಗಳು ಏಕೆ ಭರ್ತಿಯಾಗಲಿಲ್ಲವೆಂದು ಮೇಲಿನಿಂದ ಪ್ರತಿ ವರ್ಷ ವಿವರಣೆ ಕೇಳುತ್ತಾರೆ. "ಅರ್ಹ ಅಭ್ಯರ್ಥಿಗಳು ಲಭ್ಯವಿರುವುದಿಲ್ಲ" ಎಂದು ಬರೆದು ಕಳುಹಿಸುವುದು ರೂಢಿ, ನಾನೂ ಹಲವು ವರ್ಷ ಹಾಗೆಯೇ ಬರೆದಿದ್ದೇನೆ. ಆದರೆ ಹಾಡಿಗಳ, ಅಂದರೆ ಆದಿವಾಸಿ ವಸತಿಗಳ, ಮಕ್ಕಳು ದ್ವಿತೀಯ ಪಿಯುಸಿ ಪಾಸಾಗಿಯೇ ಇದ್ದರು. ಫಲಿತಾಂಶ ಬಂದ ಮೇಲೆ, ಕಾಲೇಜಿನ ಮೆಟ್ಟಿಲು ಹತ್ತುವುದಕ್ಕೆ ಮೊದಲು, ಎರಡು ಮೂರು ತಿಂಗಳಲ್ಲಿ ಅವರು ಕಾಣೆಯಾಗುತ್ತಿದ್ದರು.

2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರ ಪಾಲು ಶೇಕಡ 10ಕ್ಕೂ ತುಸು ಹೆಚ್ಚು; ರಾಜ್ಯದಲ್ಲಿ ಅದು ಶೇಕಡ 7ರ ಆಸುಪಾಸು. 2021–22ರ ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ ದೇಶದ ಒಟ್ಟು ದಾಖಲಾತಿ ಅನುಪಾತ, ಅಂದರೆ ಕಾಲೇಜು ವಯಸ್ಸಿನ ಪ್ರತಿ ನೂರು ಮಂದಿಗೆ ಉನ್ನತ ಶಿಕ್ಷಣದಲ್ಲಿರುವವರ ಸಂಖ್ಯೆ, 28.4 ಇದ್ದರೆ ಪರಿಶಿಷ್ಟ ಪಂಗಡಗಳಲ್ಲಿ ಅದು 21.2. ಈ 21ರೊಳಗೆ ಯಾವ ಪಂಗಡದವರು ಎಷ್ಟೆಂಬುದು ಆ ಒಂದು ಅಂಕಿಯಿಂದ ತಿಳಿಯುವುದಿಲ್ಲ. ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಗಾರರ ಸಾಲುಮನೆಯಲ್ಲಿ, ಇರುವ ಎರವ ಪಂಗಡದ ಕುಟುಂಬವನ್ನೂ ಜಮೀನು, ನೌಕರಿ ಇರುವ ಕುಟುಂಬವನ್ನೂ ಅದು ಒಟ್ಟಿಗೇ ಲೆಕ್ಕ ಹಾಕುತ್ತದೆ. ರಾಜ್ಯ ಸರಕಾರ 2022ರಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇಕಡ 3ರಿಂದ 7ಕ್ಕೆ ಏರಿಸಿತು. ಅದು ಸ್ವಾಗತಾರ್ಹವೇ, ಆದರೆ ಸೀಟು ಹೆಚ್ಚಾಯಿತೆಂದು ಸೀಟಿನವರೆಗಿನ ದಾರಿಯೇನೂ ಹತ್ತಿರವಾಗಲಿಲ್ಲ.

ಒಂದು ಜುಲೈ ಶನಿವಾರ ಮಧ್ಯಾಹ್ನ, ಧೋ ಎಂದು ಮಳೆ ಸುರಿಯುತ್ತಿದ್ದಾಗ, ತಿತಿಮತಿ ಕಡೆಯ ಹಾಡಿಯ ಹುಡುಗಿಯೊಬ್ಬಳು ಬಂದಳು. ಅವಳ ಛತ್ರಿಯ ಎರಡು ಕಡ್ಡಿ ಮುರಿದಿದ್ದವು. ಯೂರಿಯಾ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತಂದ ಅಂಕಪಟ್ಟಿ ಮಾತ್ರ ಒಂದು ಹನಿಯೂ ತಾಗದೆ ಒಣಗಿತ್ತು. ಆದಾಯ ಪ್ರಮಾಣಪತ್ರ ಇರಲಿಲ್ಲ. "ಸೋಮವಾರ ತೆಗೆದುಕೊಂಡು ಬಾಮ್ಮ" ಎಂದೆ. "ಆಗಲಿ ಮೇಡಂ" ಎಂದು ಹೊರಟಳು. ಆ ಸೋಮವಾರದೊಳಗೆ ಏನೆಲ್ಲ ಆಗಬೇಕಿತ್ತೆಂದು ನಾನು ಆಗ ಯೋಚಿಸಲಿಲ್ಲ. ಅವಳಪ್ಪ ಒಂದು ದಿನದ ಕೂಲಿ ಬಿಟ್ಟು ನಾಡಕಚೇರಿಗೆ ಬರಬೇಕು. ಲೈನ್ ಮನೆಗೆ ಅವರ ಹೆಸರಿನ ದಾಖಲೆ ಇಲ್ಲದ್ದರಿಂದ ವಾಸದ ಬಗ್ಗೆ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಚೀಟಿ ಬರೆಸಿಕೊಳ್ಳಬೇಕು. ಅಂದು ಕರೆಂಟೂ ಸರ್ವರೂ ಎರಡೂ ಇರಬೇಕು. ಇಷ್ಟಾಗಿ ಅರ್ಜಿ ಕೊಟ್ಟರೂ ಪತ್ರ ಅದೇ ದಿನ ಕೈಗೆ ಬರುವುದಿಲ್ಲ, ದಾಖಲಾತಿಗೋ ಸೋಮವಾರವೇ ಕೊನೆಯ ದಿನ. ಅವಳು ಬರಲಿಲ್ಲ. ಮುಂದಿನ ಜನವರಿಯಲ್ಲಿ, ಕುಯ್ಲಿಗೆ ಆಳುಗಳನ್ನು ತುಂಬಿಕೊಂಡು ಹೊರಟ ಪಿಕಪ್ಪಿನ ಹಿಂಬದಿಯಲ್ಲಿ ಅವಳನ್ನು ಕಂಡೆ. ಕೈ ಬೀಸಿದಳು. ಪ್ರಮಾಣಪತ್ರವನ್ನು ಆಮೇಲೆ ಕೊಡುವುದಾಗಿ ಬರೆಸಿಕೊಂಡು ಅಂದೇ ತಾತ್ಕಾಲಿಕವಾಗಿ ದಾಖಲಿಸಿಕೊಳ್ಳುವ ಅವಕಾಶ ನಮ್ಮ ಕಾಲೇಜಿನಲ್ಲಿತ್ತು. ನಾನು ಅದನ್ನು ಬಳಸಲಿಲ್ಲ.

ಕಾಗದ ಸಿಕ್ಕಿಕೊಳ್ಳುವುದು ಬಹುಮಟ್ಟಿಗೆ ಹೆಸರಿನಲ್ಲಿ. ಒಂದನೆಯ ತರಗತಿಗೆ ಸೇರಿಸಿಕೊಂಡ ಮೇಷ್ಟರು ತಮಗೆ ಕೇಳಿಸಿದಂತೆ ಬರೆದ ಹೆಸರೇ ಅಂಕಪಟ್ಟಿಗೂ ಬರುತ್ತದೆ. ಆಧಾರ್ ಕಾರ್ಡಿನಲ್ಲಿ ಇನ್ನೊಂದು ಕಾಗುಣಿತ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ಲೇ ಇಲ್ಲ. ಮನುಷ್ಯರ ಕಣ್ಣಿಗೆ ಮೂವರೂ ಒಬ್ಬರೇ, ವಿದ್ಯಾರ್ಥಿವೇತನದ ತಂತ್ರಾಂಶಕ್ಕೆ ಮೂವರೂ ಬೇರೆ. ಜಾತಿಯ ಹೆಸರಿನದು ಇನ್ನೂ ದೊಡ್ಡ ತೊಡಕು. ನಮ್ಮ ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಇದ್ದದ್ದು "ಕಾಡು ಕುರುಬ". ಜನ ತಮ್ಮನ್ನು ಕರೆದುಕೊಳ್ಳುವುದು ಬೆಟ್ಟ ಕುರುಬರೆಂದು, ಶಾಲೆಯ ದಾಖಲೆಯಲ್ಲೂ ಹಾಗೆಯೇ ಬರೆಸಿದ್ದರು. ಎರಡೂ ಒಂದೇ ಎಂದು ಸಂಸತ್ತು ತಿದ್ದುಪಡಿ ಒಪ್ಪಿದ್ದು 2022ರ ಡಿಸೆಂಬರಿನಲ್ಲಿ. ಅಷ್ಟರೊಳಗೆ ಕಾಲೇಜಿನ ವಯಸ್ಸು ದಾಟಿಹೋದವರಿಗೆ ಆ ತಿದ್ದುಪಡಿಯಿಂದ ಆದ ಪ್ರಯೋಜನ ಏನೂ ಇಲ್ಲ.

ಹಣದ ವಿಷಯ ತಕ್ಕಮಟ್ಟಿಗೆ ಸರಳ. ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರದ ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಉಂಟು, ಕೂಲಿ ಕುಟುಂಬಗಳು ಈ ಮಿತಿಯೊಳಗೇ ಬರುತ್ತವೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಮೊದಲೇ ನೋಡಿಕೊಂಡರೆ ಅರ್ಧ ದೂರುಗಳು ಹುಟ್ಟುವುದೇ ಇಲ್ಲ. ಆದರೆ ಬಸ್ಸಿಗೂ ಪುಸ್ತಕಕ್ಕೂ ದುಡ್ಡು ಬೇಕಾಗುವುದು ತರಗತಿ ಶುರುವಾದಾಗ, ವಿದ್ಯಾರ್ಥಿವೇತನ ಜಮೆಯಾಗುವುದು ತಿಂಗಳುಗಳ ನಂತರ. ಈ ನಡುವಿನ ಖರ್ಚಿಗೆ ಮನೆಯವರು ತೋಟದಲ್ಲಿ ಮುಂಗಡ ತೆಗೆದರೆ ಅದನ್ನು ತೀರಿಸಲು ಕುಯ್ಲಿನ ಹೊತ್ತಿಗೆ ಮನೆಯ ಎಲ್ಲ ಕೈಗಳೂ ಬೇಕಾಗುತ್ತವೆ. ಡಿಸೆಂಬರ್ ಕಳೆಯುತ್ತಿದ್ದಂತೆ ನಮ್ಮ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಸಾಲಾಗಿ ಗೈರುಹಾಜರಿ ಕಾಣುವುದು ಇದೇ ಕಾರಣಕ್ಕೆ. ಅದನ್ನು ಓದಿನಲ್ಲಿ ಆಸಕ್ತಿಯಿಲ್ಲವೆಂದು ಓದಿಕೊಳ್ಳುವ ಸಹೋದ್ಯೋಗಿಗಳೊಂದಿಗೆ ನಾನು ಪ್ರತಿ ವರ್ಷ ವಾದಿಸುತ್ತೇನೆ.

ಆ ಹುಡುಗಿಯ ನಂತರ ನಾವು ಮಾಡಿದ್ದು ದೊಡ್ಡದೇನಲ್ಲ: ಕಾಗದ ನೋಡುವ ಕೆಲಸವನ್ನು ಜುಲೈಯಿಂದ ಫೆಬ್ರವರಿಗೆ ತಂದೆವು. ಆಗ ಮಕ್ಕಳು ಇನ್ನೂ ದ್ವಿತೀಯ ಪಿಯುಸಿಯಲ್ಲಿರುತ್ತಾರೆ, ಮಳೆಯಿಲ್ಲ, ತಿದ್ದಿಸಲು ನಾಲ್ಕೈದು ತಿಂಗಳು ಸಿಗುತ್ತದೆ. ಪೋಷಕರನ್ನು ಕಾಲೇಜಿಗೆ ಕರೆಸುವುದನ್ನೂ ಬಿಟ್ಟೆವು. ವಾರದ ಬಟವಾಡೆಯಾದ ಮೇಲೆ ಭಾನುವಾರ ಅವರು ಹೇಗೂ ಗೋಣಿಕೊಪ್ಪಲಿನ ಸಂತೆಗೆ ಬರುತ್ತಾರೆ. ಅಂಗಡಿಯೊಂದರ ಜಗುಲಿಯಲ್ಲಿ ಮೇಜು ಹಾಕಿ ಕುಳಿತರೆ ಮೀನು, ಮೆಣಸಿನಕಾಯಿಯ ಚೀಲದ ಜೊತೆಗೆ ಆಧಾರ್ ಕಾರ್ಡೂ ಬರುತ್ತದೆ. ಜಾತಿ ಪ್ರಮಾಣಪತ್ರ ಒಮ್ಮೆ ಮಾಡಿಸಿದರೆ ಸಾಕು, ಆದಾಯದ್ದು ಐದು ವರ್ಷ ನಡೆಯುತ್ತದೆ ಎಂಬುದೇ ಎಷ್ಟೋ ಮನೆಗಳಿಗೆ ಹೊಸ ಸುದ್ದಿ. ಮೊದಲೆರಡು ವಾರ ನಮ್ಮ ಹತ್ತಿರ ಯಾರೂ ಸುಳಿಯಲಿಲ್ಲ. ಎರವರ ಮಾತು ಬಲ್ಲ ನಮ್ಮದೇ ಬಿ.ಎ. ವಿದ್ಯಾರ್ಥಿಯೊಬ್ಬ ಮೇಜಿನ ಬಳಿ ನಿಂತ ಮೇಲೆ ಜನ ಬಂದರು.

ಬಗೆಹರಿಯದೆ ಉಳಿದಿರುವುದು ಹಾಸ್ಟೆಲ್ಲಿನ ಪ್ರಶ್ನೆ. ಕಾಲೇಜಿಗೆ ಸೇರಿದ ದಾಖಲೆ ತೋರಿಸಿದ ಮೇಲೆ ಅರ್ಜಿ, ಅರ್ಜಿಯ ನಂತರ ಆಯ್ಕೆ ಪಟ್ಟಿ. ಅಷ್ಟರಲ್ಲಿ ಪಾಠ ಶುರುವಾಗಿ ವಾರಗಳು ಕಳೆದಿರುತ್ತವೆ. ಆನೆ ಓಡಾಡುವ ತೋಟದ ದಾರಿಯಲ್ಲಿ ಬೆಳಗಿನ ಮಬ್ಬಿನಲ್ಲಿ ನಡೆದು ಮೊದಲ ಬಸ್ಸು ಹಿಡಿಯಿರೆಂದು ಹೆಣ್ಣುಮಕ್ಕಳಿಗೆ ಹೇಳುವ ಧೈರ್ಯ ನನಗಿಲ್ಲ. ಕಳೆದ ವರ್ಷ ಇಬ್ಬರು ಹುಡುಗಿಯರು ಆ ಅವಧಿಯನ್ನು ನಮ್ಮ ಅಟೆಂಡರ್ ಅಕ್ಕನ ಮನೆಯಲ್ಲಿ ಕಳೆದರು. ಅಕ್ಕಿ ನಾವು ಕೊಟ್ಟೆವು, ಬಾಡಿಗೆಯ ಮಾತನ್ನು ಆಕೆ ಎತ್ತಲಿಲ್ಲ. ದಾಖಲಾತಿಯ ದಿನವೇ ಹಾಸ್ಟೆಲ್ಲಿನಲ್ಲಿ ತಾತ್ಕಾಲಿಕ ಜಾಗ ಕೊಡಬೇಕೆಂದು ಇಲಾಖೆಗೆ ಎರಡು ಬಾರಿ ಬರೆದಿದ್ದೇವೆ. ಈ ಸಲದ ಇಬ್ಬರಿಗೂ ಆಕೆಯ ಮನೆಯ ನಡುಕೋಣೆಯನ್ನೇ ಕೇಳಿಟ್ಟಿದ್ದೇನೆ.