ನೆಗಡಿಯ ಮಾತ್ರೆ ಕೌಂಟರಿನ ಹಿಂದೆ ಸರಿದ ಕಥೆ

ಚಳಿಗಾಲದಲ್ಲಿ ಅಮೆರಿಕದ ಮಕ್ಕಳ ಮನೆಗೆ ಹೋಗಿ ಬಂದ ನಮ್ಮವರಲ್ಲಿ ಹಲವರಿಗೆ ಈ ಅನುಭವ ಆಗಿರುತ್ತದೆ. ಮೂಗು ಕಟ್ಟಿದೆಯೆಂದು ಔಷಧ ಅಂಗಡಿಗೆ ಹೋದರೆ, ಕಪಾಟಿನಲ್ಲಿ ಮಾತ್ರೆಯ ಡಬ್ಬಿ ಇರಬೇಕಾದ ಜಾಗದಲ್ಲಿ ಅದರ ಚಿತ್ರವಿರುವ ಒಂದು ರಟ್ಟಿನ ಚೀಟಿ ಇರುತ್ತದೆ. ಅದನ್ನು ಫಾರ್ಮಸಿಸ್ಟ್ ಬಳಿಗೆ ಒಯ್ದು, ಫೋಟೊ ಇರುವ ಗುರುತಿನ ಪತ್ರ ತೋರಿಸಿ, ಹೆಸರು ಮತ್ತು ವಿಳಾಸ ಬರೆಸಿ, ಸಹಿ ಹಾಕಿದ ಮೇಲಷ್ಟೇ ಡಬ್ಬಿ ಕೈಗೆ ಬರುತ್ತದೆ. ನಮ್ಮಲ್ಲಿ ಮೂಲೆಯಂಗಡಿಯವನು ಕೇಳಿದ ಕೂಡಲೇ ಕತ್ತರಿಸಿ ಕೊಡುವ ನೆಗಡಿಯ ಮಾತ್ರೆಗೆ ಅಲ್ಲಿ ಇಷ್ಟು ಬಿಗಿ ಏಕೆ ಎಂಬ ಪ್ರಶ್ನೆಗೆ ಉತ್ತರ ಸುಮಾರು ನಾಲ್ಕು ದಶಕಗಳಷ್ಟು ಉದ್ದವಾಗಿದೆ.

ಆ ಮಾತ್ರೆಯಲ್ಲಿರುವ ಸ್ಯೂಡೋಎಫೆಡ್ರಿನ್ ಮೂಗಿನೊಳಗೆ ಊದಿಕೊಂಡ ರಕ್ತನಾಳಗಳನ್ನು ಕುಗ್ಗಿಸಿ ಉಸಿರಾಟವನ್ನು ಸಲೀಸು ಮಾಡುತ್ತದೆ. ಅದರ ಅಣುರಚನೆ ಮೆಥಾಂಫೆಟಮಿನ್ ಎಂಬ ಮಾದಕ ವಸ್ತುವಿನ ರಚನೆಗೆ ತೀರಾ ಹತ್ತಿರವಾದುದರಿಂದ, ಕಾಯಿಲೆಯ ಮದ್ದೇ ಅಕ್ರಮ ತಯಾರಿಕೆಯ ಕಚ್ಚಾವಸ್ತುವೂ ಆಯಿತು. ಈ ಲೇಖನದಲ್ಲಿ ಹೇಳುವ ಪ್ರತಿಯೊಂದು ಕಾನೂನೂ, ಒಂದೇ ವಸ್ತುವಿನ ಈ ಎರಡು ಮುಖಗಳನ್ನು ಬೇರ್ಪಡಿಸಲು ನಡೆದ ಪ್ರಯತ್ನವೇ ಆಗಿದೆ.

ಅಮೆರಿಕವು 1980ರಲ್ಲಿ ಮೆಥಾಂಫೆಟಮಿನ್ ತಯಾರಿಕೆಗೆ ಆಗ ಹೆಚ್ಚಾಗಿ ಬಳಕೆಯಲ್ಲಿದ್ದ ಬೇರೊಂದು ರಾಸಾಯನಿಕವನ್ನು ನಿಯಂತ್ರಣಕ್ಕೆ ತಂದಾಗ, ಅಕ್ರಮ ತಯಾರಕರು ಸ್ಯೂಡೋಎಫೆಡ್ರಿನ್‌ನ ಹತ್ತಿರದ ಸಂಬಂಧಿಯಾದ ಎಫೆಡ್ರಿನ್ ಕಡೆಗೆ ತಿರುಗಿದರು. ಇದನ್ನು ಗಮನಿಸಿದ ಮಾದಕ ವಸ್ತು ನಿಯಂತ್ರಣಾಧಿಕಾರಿಗಳು 1986ರ ಹೊತ್ತಿಗೆ, ಎಫೆಡ್ರಿನ್ ಮತ್ತು ಸ್ಯೂಡೋಎಫೆಡ್ರಿನ್‌ಗಳ ಮಾರಾಟವನ್ನು ಪುಡಿಯ ರೂಪದಲ್ಲಾಗಲಿ, ಮಾತ್ರೆಯ ರೂಪದಲ್ಲಾಗಲಿ ಲೆಕ್ಕಕ್ಕೆ ತರಬೇಕೆಂದು ಪ್ರಸ್ತಾವ ಮುಂದಿಟ್ಟರು. 1988ರಲ್ಲಿ ಕಾನೂನೇನೋ ಆಯಿತು. ಆದರೆ ಸಗಟು ಪುಡಿಯ ಮೇಲೆ ಹಿಡಿತ ಬಂದಿತೇ ಹೊರತು, ಸಿದ್ಧ ಮಾತ್ರೆಗಳಿಗೆ ವಿನಾಯಿತಿ ಸಿಕ್ಕಿತು. ಜನ ದಿನನಿತ್ಯ ಬಳಸುವ ಔಷಧಕ್ಕೆ ಅಡ್ಡಿ ಮಾಡಬಾರದು ಎಂಬ ಉದ್ಯಮದ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೂ ಮುಂದಿನ ಇಪ್ಪತ್ತು ವರ್ಷಗಳ ಬಹುಪಾಲು ಗೋಜಲಿಗೆ ಬೇರು ಈ ವಿನಾಯಿತಿಯಲ್ಲೇ ಇದೆ ಎಂದು ಹಿಂತಿರುಗಿ ನೋಡಿದಾಗ ಅನ್ನಿಸದಿರದು. ಇಡೀ ಜಗತ್ತಿಗೆ ಈ ವಸ್ತುವನ್ನು ತಯಾರಿಸಿ ಕೊಡುತ್ತಿದ್ದ ದೊಡ್ಡ ಕಾರ್ಖಾನೆಗಳು ಬೆರಳೆಣಿಕೆಯಷ್ಟೇ ಇದ್ದವು. ಅವುಗಳ ಬಾಗಿಲಲ್ಲಿ ಆಗಬೇಕಿದ್ದ ಎಣಿಕೆ ಕಡೆಗೆ ಸಾವಿರಾರು ಅಂಗಡಿಗಳ ಕೌಂಟರಿಗೆ ಬಂದು ನಿಂತಿತು.

ಅಲ್ಲಿಂದಾಚೆಗೆ ನಡೆದದ್ದು ತೇಪೆ ಹಾಕುವ ಕೆಲಸ. 1993ರ ಕಾನೂನು ಎಫೆಡ್ರಿನ್ ಮಾತ್ರೆಗಳನ್ನು ಹಿಡಿಯಿತು, ತಯಾರಕರು ಸ್ಯೂಡೋಎಫೆಡ್ರಿನ್‌ಗೆ ಹೊರಳಿದರು. 1996ರ ಕಾನೂನು ಅದನ್ನೂ ಹಿಡಿಯಿತಾದರೂ, ಒಂದೊಂದಾಗಿ ಒತ್ತಿ ತೆಗೆಯಬೇಕಾದ ಪಟ್ಟಿಯ ಮಾತ್ರೆಗಳನ್ನು ಹೊರಗಿಟ್ಟಿತು. ಸಾವಿರಾರು ಮಾತ್ರೆಗಳನ್ನು ಹಾಗೆ ಬಿಡಿಸುತ್ತಾ ಕೂರುವವರು ಯಾರು ಎಂಬುದು ಆಗಿನ ಎಣಿಕೆಯಾಗಿತ್ತು. ಕೂರುವವರು ಇದ್ದರು.

2000ದ ನಂತರ ಈ ಹೊರೆ ರಾಜಧಾನಿಯಿಂದ ಸಣ್ಣ ಊರುಗಳ ಹೆಗಲಿಗೆ ಇಳಿಯಿತು. ದೇಶದ ನಡುಭಾಗದ ಕೃಷಿ ಪ್ರದೇಶಗಳಲ್ಲಿ ಅಡುಗೆಮನೆ, ಹಿತ್ತಲ ಕೊಠಡಿ, ನಿಲ್ಲಿಸಿದ ಕಾರು, ಬಾಡಿಗೆಯ ಮೋಟೆಲ್ ಕೋಣೆಗಳೆಲ್ಲ ತಯಾರಿಕೆಯ ಜಾಗಗಳಾದವು. ರೈತರು ಹೊಲದಂಚಿನ ರಸಗೊಬ್ಬರದ ಟ್ಯಾಂಕುಗಳಿಗೆ ಬೀಗ ಹಾಕಬೇಕಾಯಿತು. ಕುದುರೆಯ ಗೊರಸಿಗೆ ಹಚ್ಚುವ ಗಾಢ ಅಯೋಡಿನ್ ಕೂಡ 2007ರಲ್ಲಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿ, ಕುದುರೆ ಸಾಕುವವರು ಅದಕ್ಕಾಗಿ ಪರದಾಡಿದರು. ಒಕ್ಲಹೋಮಾ ರಾಜ್ಯದಲ್ಲಿ ಇಂಥ ಪ್ರಕರಣಗಳಿಗೆ ಸಂಬಂಧಿಸಿ ಹೆದ್ದಾರಿ ಗಸ್ತಿನ ಸಿಬ್ಬಂದಿ ಪ್ರಾಣ ಕಳೆದುಕೊಂಡ ನಂತರ, 2004ರ ಏಪ್ರಿಲ್‌ನಲ್ಲಿ ಆ ರಾಜ್ಯವು ಸ್ಯೂಡೋಎಫೆಡ್ರಿನ್ ಮಾತ್ರೆಗಳನ್ನು ಕೌಂಟರಿನ ಹಿಂದಕ್ಕೆ ಸರಿಸಿದ ಮೊದಲ ರಾಜ್ಯವಾಯಿತು. ಹಲವು ರಾಜ್ಯಗಳು ಅದನ್ನೇ ಅನುಸರಿಸಿದವು. 2006ರ ಮಾರ್ಚ್‌ನಲ್ಲಿ ಒಕ್ಕೂಟ ಸರ್ಕಾರವೂ ಕಾನೂನು ಮಾಡಿ, ಒಬ್ಬರಿಗೆ ದಿನಕ್ಕೆ 3.6 ಗ್ರಾಂ, ಅಂಗಡಿಯಲ್ಲಿ ಕೊಳ್ಳುವುದಾದರೆ 30 ದಿನಗಳಿಗೆ 9 ಗ್ರಾಂ ಎಂದು ಮಿತಿ ಹಾಕಿ, ಗುರುತಿನ ಪತ್ರ ಮತ್ತು ಸಹಿಯ ರಿಜಿಸ್ಟರನ್ನು ಕಡ್ಡಾಯಗೊಳಿಸಿತು.

ಪರಿಣಾಮ ಕಣ್ಣಿಗೆ ಕಾಣುವಂತಿತ್ತು. 2004ರಲ್ಲಿ ದೇಶದಾದ್ಯಂತ 20 ಸಾವಿರಕ್ಕೂ ಹೆಚ್ಚಿದ್ದ ಅಕ್ರಮ ತಯಾರಿಕೆಯ ಪ್ರಕರಣಗಳು 2007ರ ಹೊತ್ತಿಗೆ ಸುಮಾರು 7 ಸಾವಿರಕ್ಕೆ ಇಳಿದವು. ಆದರೆ 2010ರಲ್ಲಿ ಅದೇ ಅಂಕಿ ಮತ್ತೆ 15 ಸಾವಿರ ದಾಟಿತು. ತಯಾರಿಕೆಯ ಪ್ರಮಾಣ ಪಾನೀಯದ ಬಾಟಲಿಯಷ್ಟಕ್ಕೆ ಕುಗ್ಗಿತ್ತು, ಅಷ್ಟಕ್ಕೆ ಕೆಲವೇ ಡಬ್ಬಿಗಳು ಸಾಕಿದ್ದವು. ಆ ಡಬ್ಬಿಗಳನ್ನು ಕೊಳ್ಳಲು ಹತ್ತಾರು ಜನ ಗುಂಪು ಕಟ್ಟಿಕೊಂಡು, ಪ್ರತಿಯೊಬ್ಬರೂ ಕಾನೂನಿನ ಮಿತಿಯೊಳಗೇ ಇದ್ದು, ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದರು. ಪೊಲೀಸರು ಇವರನ್ನು ‘ಸ್ಮರ್ಫ್’ ಎನ್ನುತ್ತಿದ್ದರು. ಕೈಬರಹದ ರಿಜಿಸ್ಟರು ಪ್ರತಿ ಅಂಗಡಿಯಲ್ಲೂ ಇತ್ತು, ಆದರೆ ಒಂದು ಅಂಗಡಿಯ ರಿಜಿಸ್ಟರು ಇನ್ನೊಂದರ ಜೊತೆ ಮಾತನಾಡುತ್ತಿರಲಿಲ್ಲ.

ಈ ಹಂತದಲ್ಲಿ ಮುಂದೆ ಬಂದದ್ದು ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಪಟ್ಟಣ. ದೇಶದ ರಾಜಧಾನಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಸೇಂಟ್ ಲೂಯಿಸ್ ನಗರದ ಪಶ್ಚಿಮಕ್ಕೆ, ಮಿಸೌರಿ ನದಿಯ ದಕ್ಷಿಣ ದಂಡೆಯಲ್ಲಿ, ಸುಮಾರು 14 ಸಾವಿರ ಜನಸಂಖ್ಯೆಯ ಈ ಊರು ಮುಸುಕಿನ ಜೋಳದ ದಿಂಡಿನಿಂದ ಮಾಡುವ ಧೂಮಪಾನದ ಪೈಪುಗಳಿಗೆ ಹೆಸರುವಾಸಿ. ಆ ದಶಕದ ಹೆಚ್ಚಿನ ವರ್ಷಗಳಲ್ಲಿ ಇಂಥ ಪ್ರಕರಣಗಳ ಸಂಖ್ಯೆಯಲ್ಲಿ ಮಿಸೌರಿಯೇ ದೇಶಕ್ಕೆ ಮೊದಲಾಗಿತ್ತು. ವೈದ್ಯರ ಚೀಟಿ ಇಲ್ಲದೆ ಈ ಮಾತ್ರೆ ಮಾರಬಾರದು ಎಂಬ ಮಸೂದೆ ರಾಜ್ಯದ ಶಾಸನಸಭೆಯಲ್ಲಿ ಮುಂದೆ ಸಾಗದಿದ್ದಾಗ, 2009ರಲ್ಲಿ ಪಟ್ಟಣದ ಆಡಳಿತವು ತನ್ನ ಮಿತಿಯೊಳಗಿನ ಅಂಗಡಿಗಳಿಗೆ ತಾನೇ ಆ ನಿಯಮ ಮಾಡಿತು. ಇಂಥ ಕ್ರಮ ಕೈಗೊಂಡ ದೇಶದ ಮೊದಲ ಪಟ್ಟಣ ಅದು. ಮುಂದಿನ ಕೆಲವೇ ವರ್ಷಗಳಲ್ಲಿ ಮಿಸೌರಿಯ ಹತ್ತಾರು ಪಟ್ಟಣಗಳು ಮತ್ತು ಕೌಂಟಿಗಳು ಅದೇ ದಾರಿ ಹಿಡಿದವು.

ಪಟ್ಟಣದ ನಿಯಮಕ್ಕಿರುವ ಮಿತಿ ಮೊದಲ ದಿನದಿಂದಲೇ ಎಲ್ಲರಿಗೂ ತಿಳಿದಿತ್ತು. ಕಾರಿನಲ್ಲಿ ಅರ್ಧ ಗಂಟೆ ಹೋದರೆ ನಿಯಮವಿಲ್ಲದ ಊರು ಸಿಗುತ್ತಿತ್ತು. ಔಷಧ ಉದ್ಯಮವು ಮುಂದಿಟ್ಟ ಪರ್ಯಾಯವೆಂದರೆ, ಎಲ್ಲ ಅಂಗಡಿಗಳ ಮಾರಾಟವನ್ನು ಆ ಕ್ಷಣದಲ್ಲೇ ತಾಳೆ ನೋಡುವ ಕಂಪ್ಯೂಟರ್ ಜಾಲ. ಅದರ ಖರ್ಚನ್ನು ತಾನೇ ಕೊಡುತ್ತೇನೆಂದಿತು, ಕೊಟ್ಟಿತು ಕೂಡ. ಜೊತೆಗೆ, ವಿಮೆಯಿಲ್ಲದ ಕುಟುಂಬವೊಂದು ಹತ್ತು ಡಾಲರಿನ ಮಾತ್ರೆಗಾಗಿ ವೈದ್ಯರಿಗೆ ನೂರು ಡಾಲರ್ ತೆರಬೇಕೇ ಎಂಬ ಪ್ರಶ್ನೆಯೂ ಇತ್ತು. ಅದು ನ್ಯಾಯವಾದ ಪ್ರಶ್ನೆ. ಆದರೆ ಕಂಪ್ಯೂಟರ್ ಜಾಲಕ್ಕೆ ಹೆಸರು ಮುಖ್ಯವೇ ಹೊರತು ಉದ್ದೇಶವಲ್ಲ. ಸುಳ್ಳು ಗುರುತಿನ ಪತ್ರವನ್ನೋ ಹೊಸದೊಂದು ಮುಖವನ್ನೋ ತಂದವರನ್ನು ಅದು ತಡೆಯಲಾರದು. ಬಾಟಲಿ ಸಿಡಿದು ಮೈಮುಖ ಸುಟ್ಟುಕೊಂಡವರನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದವರು, ಅದೇ ಕೋಣೆಯ ಹೊಗೆಯಲ್ಲಿ ಮಲಗಿದ್ದ ಮಕ್ಕಳನ್ನು ಎತ್ತಿ ತಂದು ಬಟ್ಟೆ ಬದಲಿಸಿ ಸ್ನಾನ ಮಾಡಿಸುತ್ತಿದ್ದವರು ಸ್ಥಳೀಯ ಸಿಬ್ಬಂದಿಯೇ. ವಿಷ ಹಿಡಿದ ಮನೆಯನ್ನು ಶುಚಿಗೊಳಿಸುವ ಖರ್ಚೂ ಸ್ಥಳೀಯವೇ. ಪೂರ್ತಿ ಗೆಲ್ಲಲಾರೆವೆಂದು ಗೊತ್ತಿದ್ದೂ ಆ ಪಟ್ಟಣಗಳು ನಿಯಮ ಮಾಡಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ರಾಜ್ಯಮಟ್ಟದಲ್ಲಿ ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಿದ್ದು ಎರಡೇ ರಾಜ್ಯಗಳು: 2006ರಲ್ಲಿ ಒರೆಗಾನ್, 2010ರಲ್ಲಿ ಮಿಸಿಸಿಪ್ಪಿ. ಎರಡರಲ್ಲೂ ತಯಾರಿಕೆಯ ಪ್ರಕರಣಗಳು ಬಹುಮಟ್ಟಿಗೆ ಇಳಿದವು. ಆದರೆ ಚೀಟಿಯ ನಿಯಮವಿಲ್ಲದ ಕೆಲವು ನೆರೆ ರಾಜ್ಯಗಳಲ್ಲೂ ಇಳಿಕೆ ಕಂಡುಬಂದುದರಿಂದ, ಅದರ ಶ್ರೇಯಸ್ಸಿನಲ್ಲಿ ಎಷ್ಟು ಪಾಲು ನಿಯಮದ್ದು ಎಂಬ ಚರ್ಚೆ ಬಗೆಹರಿಯಲೇ ಇಲ್ಲ.

ಅಷ್ಟರಲ್ಲಿ ಮೆಕ್ಸಿಕೊ 2008ರ ಹೊತ್ತಿಗೆ ಸ್ಯೂಡೋಎಫೆಡ್ರಿನ್ ಆಮದನ್ನೇ ನಿಷೇಧಿಸಿತ್ತು. ಅಲ್ಲಿನ ದೊಡ್ಡ ಜಾಲಗಳು ಈ ಮಾತ್ರೆಯ ಹಂಗಿಲ್ಲದ, 1980ಕ್ಕೆ ಮೊದಲಿನ ಹಳೆಯ ಮಾರ್ಗಕ್ಕೆ ಮರಳಿ ಟನ್‌ಗಟ್ಟಲೆ ತಯಾರಿಸತೊಡಗಿದವು. ಗಡಿ ದಾಟಿ ಬರುವ ಸರಕು ಅಗ್ಗವಾಯಿತು, ತೀಕ್ಷ್ಣವೂ ಆಯಿತು. ಅಡುಗೆಮನೆಯ ಬಾಟಲಿಗಳು ಮರೆಯಾದದ್ದಕ್ಕೆ ಇದೂ ಒಂದು ಕಾರಣ. 2021ರಲ್ಲಿ ಅಮೆರಿಕದಲ್ಲಿ ಮೆಥಾಂಫೆಟಮಿನ್ ಮುಖ್ಯವಾಗಿರುವ ಉತ್ತೇಜಕಗಳ ವರ್ಗಕ್ಕೆ ಸಂಬಂಧಿಸಿದ ಅತಿಸೇವನೆಯ ಸಾವುಗಳು 30 ಸಾವಿರ ಮೀರಿದವು. ಕೌಂಟರಿನ ನಿಯಮ ವಿಫಲವಾಯಿತು ಎನ್ನುವವರು ಈ ಅಂಕಿಯನ್ನು ಮುಂದಿಡುತ್ತಾರೆ. ಆದರೆ ಆ ನಿಯಮದ ಗುರಿ ಊರೊಳಗಿನ ಸ್ಫೋಟ ಮತ್ತು ವಿಷವನ್ನು ನಿಲ್ಲಿಸುವುದಾಗಿತ್ತೇ ಹೊರತು ದೇಶದ ವ್ಯಸನವನ್ನಲ್ಲ. ಈ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆದಿರುವುದೇ ಇಡೀ ಚರ್ಚೆಯನ್ನು ಕದಡಿದೆ.

ಈ ಕಥೆಯಲ್ಲಿ ಭಾರತಕ್ಕೂ ಪಾತ್ರವಿದೆ. ಎಫೆಡ್ರಿನ್ ಮತ್ತು ಸ್ಯೂಡೋಎಫೆಡ್ರಿನ್ ತಯಾರಿಸುವ ಪ್ರಮುಖ ದೇಶಗಳಲ್ಲಿ ನಮ್ಮದೂ ಒಂದು. ನಮ್ಮ 1985ರ ಮಾದಕ ವಸ್ತು ಕಾನೂನಿಗೆ 1989ರಲ್ಲಿ ತಂದ ತಿದ್ದುಪಡಿ ರಾಸಾಯನಿಕಗಳ ನಿಯಂತ್ರಣಕ್ಕೆ ದಾರಿ ಮಾಡಿತು. 1993ರ ಆದೇಶವನ್ನು 2013ರಲ್ಲಿ ಹೊಸದಾಗಿ ಬರೆಯಲಾಯಿತು. ಅದರ ಪ್ರಕಾರ ಇಂಥ ರಾಸಾಯನಿಕಗಳನ್ನು ತಯಾರಿಸುವವರು ಮತ್ತು ಮಾರುವವರು ನೋಂದಣಿ ಮಾಡಿಸಿಕೊಂಡು, ಕೊಳ್ಳುವವರ ಘೋಷಣಾಪತ್ರ ಪಡೆದು, ದಿನದಿನದ ಲೆಕ್ಕ ಇಡಬೇಕು. ಅಮೆರಿಕ ಕೈಬಿಟ್ಟ ಕಾರ್ಖಾನೆಯ ಬಾಗಿಲಿನಿಂದಲೇ ನಮ್ಮ ವ್ಯವಸ್ಥೆ ಶುರುವಾಗುತ್ತದೆ ಎಂಬುದು ಸಮಾಧಾನದ ಸಂಗತಿ. ಆದರೆ 2016ರಲ್ಲಿ ಕರ್ನಾಟಕದ ಗಡಿಯಾಚೆಯ ಸೊಲ್ಲಾಪುರದಲ್ಲಿ ಟನ್‌ಗಟ್ಟಲೆ ಎಫೆಡ್ರಿನ್ ವಶವಾದದ್ದು, ಬಾಗಿಲಲ್ಲಿ ವಹಿ ಇದ್ದರೆ ಸಾಲದು, ಅದನ್ನು ದಾಸ್ತಾನಿನೊಂದಿಗೆ ತಾಳೆ ನೋಡುವವರೂ ಬೇಕೆಂಬುದನ್ನು ತೋರಿಸಿತು.

ಒರೆಗಾನ್ ಮತ್ತು ಮಿಸಿಸಿಪ್ಪಿ ಎರಡೂ 2022ರ ಜನವರಿ 1ರಿಂದ ವೈದ್ಯರ ಚೀಟಿಯ ನಿಯಮವನ್ನು ಕೈಬಿಟ್ಟಿವೆ. ಗುರುತಿನ ಪತ್ರ ಮತ್ತು ಮಿತಿಯ ನಿಯಮ ಉಳಿದಿದೆ. ಹಿಂದೆ ಸರಿದ ಡಬ್ಬಿಗಳ ಜಾಗಕ್ಕೆ ಫಿನೈಲೆಫ್ರಿನ್ ಎಂಬ ಬದಲಿ ಮದ್ದು ಬಂದಿತ್ತು, ಕೋಟ್ಯಂತರ ಜನ ಅದನ್ನೇ ನುಂಗಿದರು. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ, ಬಾಯಿಂದ ನುಂಗಿದರೆ ಅದು ಕಟ್ಟಿದ ಮೂಗನ್ನು ಬಿಡಿಸುವುದಿಲ್ಲವೆಂದು ಸರ್ವಾನುಮತದಿಂದ ಹೇಳಿತು. 2024ರ ನವೆಂಬರ್‌ನಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಯುವ ಪ್ರಸ್ತಾವ ಹೊರಬಿತ್ತು.